ಪಹಣಿಯಲ್ಲಿ ಇಲ್ಲದವರನ್ನು ಹುಡುಕುವುದು: ಕೂಲಿ ಮನೆತನದ ನೂರೈವತ್ತು ವರ್ಷ

ನಮ್ಮ ತಾತನ ತಾತನಿಗೆ ಒಂದು ಗುಂಟೆ ಜಮೀನೂ ಇರಲಿಲ್ಲ. ಮಂಡ್ಯ ಕಡೆಯ ಒಂದು ಹಳ್ಳಿ, ಅಲ್ಲಿ ದೊಡ್ಡ ಮನೆಯವರ ಹತ್ತಿರ ಜೀತಕ್ಕಿದ್ದ, ಇಷ್ಟು ಬಿಟ್ಟರೆ ಅವನ ಬಗ್ಗೆ ಮನೆಯಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಹತ್ತು ವರ್ಷದ ಹಿಂದೆ ನಾನು ಹುಡುಕಲು ಶುರು ಮಾಡಿದಾಗ ಕೇಳಿದವರೆಲ್ಲ ಹೇಳಿದ್ದು ಒಂದೇ: ಪಹಣಿ ತೆಗೆಸು. ತೆಗೆಸಿದೆ. ಏನೂ ಸಿಗಲಿಲ್ಲ. ಸಿಗುವುದಾದರೂ ಹೇಗೆ? ಪಹಣಿ ಇರುವುದು ಜಮೀನಿದ್ದವರಿಗೆ. ಸೊಸೈಟಿ ಪುಸ್ತಕ, ಕಂದಾಯದ ರಸೀದಿ, ಖಾತೆ, ಎಲ್ಲವೂ ಅವರದ್ದೇ.

ತಿಂಗಳುಗಟ್ಟಲೆ ಅಲೆದ ಮೇಲೆ ತಲೆಗೆ ಹೊಳೆದದ್ದು ಇಷ್ಟು. ಕೂಲಿಯವನ ಹೆಸರಿನಲ್ಲಿ ಕಾಗದ ಇರುವುದಿಲ್ಲ, ನಿಜ. ಆದರೆ ಬೇರೆಯವರ ಕಾಗದದಲ್ಲಿ ಅವನ ಹೆಸರು ಇರುತ್ತದೆ. ಯಜಮಾನನ ಲೆಕ್ಕದ ಪುಸ್ತಕದಲ್ಲಿ, ಪಕ್ಕದ ಮನೆಯವನ ಕ್ರಯಪತ್ರದ ಚೆಕ್ಕುಬಂದಿಯಲ್ಲಿ (ನಾಲ್ಕು ದಿಕ್ಕಿನ ಗಡಿಯ ವಿವರ), ಯಾರದೋ ಸಾಲಪತ್ರದ ಸಾಕ್ಷಿ ಸಾಲಿನಲ್ಲಿ. ಹಾಗಾಗಿ ಹುಡುಕುವ ದಾರಿಯೇ ಬೇರೆ. ಅದನ್ನು ನಾನು ಮಾಡಿದ ಕ್ರಮದಲ್ಲೇ ಬರೆಯುತ್ತೇನೆ, ಮಾಡಿದ ತಪ್ಪುಗಳ ಸಮೇತ. ನನಗೆ ಚೆನ್ನಾಗಿ ಗೊತ್ತಿರುವುದು ಹಳೆ ಮೈಸೂರು ಕಡೆಯದು, ಉಳಿದ ಕಡೆಯದನ್ನೂ ಸ್ವಲ್ಪ ಸೇರಿಸಿದ್ದೇನೆ.

ಮೊದಲು ಅಜ್ಜಿ, ಆಮೇಲೆ ಆಫೀಸು

ಆಫೀಸು ಎಲ್ಲೂ ಓಡಿಹೋಗುವುದಿಲ್ಲ, ಅಜ್ಜಿ ಇವತ್ತು ಇದ್ದರೆ ನಾಳೆ ಇಲ್ಲ. ಮೊದಲು ಅವರ ಹತ್ತಿರ ಕೂತುಕೊಳ್ಳಿ. ಆದರೆ "ಅಜ್ಜಿ, ನಿಮ್ಮ ಮಾವನ ಅಪ್ಪ ಯಾವ ಇಸವಿಯಲ್ಲಿ ಹುಟ್ಟಿದರು" ಅಂತ ಕೇಳಿದರೆ ಕಥೆ ಅಲ್ಲಿಗೇ ಮುಗಿಯಿತು. ಇಸವಿ ಕೇಳಬೇಡಿ. ಕೇಳಬೇಕಾದ್ದು ಬೇರೆ.

ನಮ್ಮ ಮನೆದೇವರು ಯಾವುದು, ಮುಡಿ ಕೊಡುವುದು ಎಲ್ಲಿ? ಇದು ಮೊದಲ ಪ್ರಶ್ನೆ, ನನ್ನ ಪ್ರಕಾರ ಇಡೀ ಹುಡುಕಾಟದಲ್ಲೇ ದೊಡ್ಡ ಪ್ರಶ್ನೆ. ಕೂಲಿ ಮನೆಗಳು ಊರಿಂದೂರಿಗೆ ಹೋಗಿವೆ, ಬರ ಬಂದಾಗ ಹೋಗಿವೆ, ಯಜಮಾನನ ಜೊತೆ ಜಗಳ ಆದಾಗ ರಾತ್ರೋರಾತ್ರಿ ಹೋಗಿವೆ, ಆದರೆ ಮನೆದೇವರನ್ನು ಸಾಮಾನ್ಯವಾಗಿ ಬಿಟ್ಟಿಲ್ಲ. ನೀವಿರುವ ಊರಿಂದ ನಲವತ್ತು ಮೈಲಿ ದೂರದ ಯಾವುದೋ ಸಣ್ಣ ಗುಡಿಗೆ ಮೂರು ವರ್ಷಕ್ಕೊಮ್ಮೆ ಕೋಳಿ ತೆಗೆದುಕೊಂಡು ಹೋಗುತ್ತೀರಿ ಅಂದರೆ, ಹಿಂದೊಂದು ಕಾಲಕ್ಕೆ ನಿಮ್ಮವರು ಅಲ್ಲಿಯವರೇ ಇದ್ದಿರಬಹುದು. ಜೊತೆಗೆ ಬೆಡಗು ಅಥವಾ ಕುಲದ ಹೆಸರು ಕೇಳಿ ಬರೆದಿಟ್ಟುಕೊಳ್ಳಿ.

ಆಮೇಲೆ ಹೆಣ್ಣು ತಂದದ್ದು ಯಾವ ಊರಿಂದ, ಕೊಟ್ಟದ್ದು ಯಾವ ಊರಿಗೆ? ಗಂಡಸರ ಹೆಸರು ಮರೆತ ಅಜ್ಜಿಯರಿಗೂ ಬೀಗರ ಊರು ನೆನಪಿರುತ್ತದೆ. ಅಕ್ಕನ ಮಗಳನ್ನು ತಂದುಕೊಳ್ಳುವುದು ನಮ್ಮ ಕಡೆ ಮಾಮೂಲು ಅಲ್ವಾ, ಹಾಗಾಗಿ ಮರ ಬರೆಯಲು ಹೊರಟರೆ ಅದು ಬಳ್ಳಿ ಥರ ಸುತ್ತಿಕೊಳ್ಳುತ್ತದೆ. ಗಾಬರಿ ಬೇಡ, ಒಬ್ಬರೇ ಎರಡು ಕಡೆ ಬಂದರೆ ಎರಡು ಕಡೆಯೂ ಬರೆಯಿರಿ.

ಯಾರ ಮನೆಯಲ್ಲಿ ದುಡಿದರು? ಇದನ್ನು ನಿಧಾನಕ್ಕೆ ಕೇಳಿ. ಜೀತ ಅನ್ನುವ ಪದ ಬಂದ ತಕ್ಷಣ ಕೆಲವರು ಮಾತು ನಿಲ್ಲಿಸುತ್ತಾರೆ. ನಮ್ಮ ದೊಡ್ಡಪ್ಪ "ಅದೆಲ್ಲ ಯಾಕಪ್ಪ ಕೆದಕ್ತೀಯ" ಅಂತ ಎದ್ದೇ ಹೋದರು. ಅವರು ಮತ್ತೆ ಬಂದು ಕೂರುವುದಕ್ಕೆ ಒಂದು ವರ್ಷ ಬೇಕಾಯಿತು. ಬಲವಂತ ಮಾಡಬೇಡಿ.

ಮತ್ತೆ, ಹೆಸರುಗಳು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಮನೆಗಳಲ್ಲಿ ಎರಡೇ ಹೆಸರು ಒಂದು ತಲೆಮಾರು ಬಿಟ್ಟು ಒಂದು ತಲೆಮಾರಿಗೆ ಬರುತ್ತಿರುತ್ತವೆ. ನಿಮ್ಮ ತಾತ ಸಿದ್ದ, ಅವರಪ್ಪ ಮಾರ ಆಗಿದ್ದರೆ, ಅವರಪ್ಪ ಮತ್ತೆ ಸಿದ್ದ ಆಗಿರುವ ಸಾಧ್ಯತೆ ಜಾಸ್ತಿ. ಇದು ಸುಳಿವು ಮಾತ್ರ, ಪುರಾವೆ ಅಲ್ಲ.

ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಬರೆದುಕೊಳ್ಳುವಾಗ ನಾವು ಅವರ ಮಾತನ್ನು ತಿದ್ದಿಬಿಡುತ್ತೇವೆ, ಅದರಲ್ಲಿ ಸುಳಿವು ಕಳೆದುಹೋಗುತ್ತದೆ. ಯಾಕೆ ಅಂತ ಮುಂದೆ ನೋಡಿ.

ಸಂವತ್ಸರಕ್ಕೆ ಇಸವಿ ಹಾಕುವುದು

ನಮ್ಮಜ್ಜಿ ಹೇಳಿದ್ದು ಒಂದೇ ಸಾಲು: "ಧಾತು ಈಶ್ವರದ ಬರದಲ್ಲಿ ಅವ್ರಪ್ಪ ಸತ್ತೋದ, ಅವ್ವ ಮಗ ಕಂಬಿ ಕೆಲ್ಸಕ್ಕೆ ಮಣ್ಣು ಹೊತ್ಕಂಡು ಗಂಜಿ ಕುಡುದು ಬದುಕ್ಕಂಡ್ರಂತೆ." ನಾನು ಇದನ್ನು ಮೊದಲು "ಬರಗಾಲದಲ್ಲಿ ಕೂಲಿ ಮಾಡಿದರು" ಅಂತ ಅಚ್ಚುಕಟ್ಟಾಗಿ ಬರೆದಿಟ್ಟುಕೊಂಡಿದ್ದೆ. ಎಷ್ಟು ದಡ್ಡತನ ನೋಡಿ. ಆ ಸಾಲಿನಲ್ಲಿ ಇಸವಿಯೂ ಇತ್ತು, ಜಾಗವೂ ಇತ್ತು.

ಧಾತು ಸಂವತ್ಸರ ಅಂದರೆ 1876-77. ಈಶ್ವರ 1877-78. ಇದು ಮೈಸೂರು ಸೀಮೆ ಕಂಡ ದೊಡ್ಡ ಬರ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿ 50,55,412 ಜನ ಇದ್ದರು. 1881ರಲ್ಲಿ ಎಣಿಸಿದಾಗ 41,86,188. ಎಂಟು ಲಕ್ಷಕ್ಕಿಂತ ಜಾಸ್ತಿ ಜನ ಲೆಕ್ಕದಲ್ಲೇ ಇಲ್ಲ. ಸತ್ತವರಲ್ಲಿ ಕೂಲಿಯವರೇ ಹೆಚ್ಚು ಅಂತ ಬೇರೆ ಹೇಳಬೇಕಾಗಿಲ್ಲ, ಕಾಳು ಕೂಡಿಟ್ಟಿದ್ದವರಿಗೆ ಹಗೇವು, ಅಂದರೆ ನೆಲದೊಳಗಿನ ಕಣಜ ಇತ್ತು, ಇವರಿಗೆ ಏನಿತ್ತು?

ಇನ್ನು ಕಂಬಿ ಕೆಲಸ. ಬೆಂಗಳೂರು–ಮೈಸೂರು ರೈಲು ದಾರಿಯ ಮಣ್ಣಿನ ಕೆಲಸ ಶುರುವಾದದ್ದೇ ಬರ ಪರಿಹಾರದ ಕಾಮಗಾರಿಯಾಗಿ. ರೈಲು ಮೈಸೂರು ಮುಟ್ಟಿದ್ದು 1882ರಲ್ಲಿ. ಆ ದಾರಿ ಮದ್ದೂರು, ಮಂಡ್ಯ ಮೇಲೆಯೇ ಹೋಗುತ್ತದೆ. ಲೆಕ್ಕ ಹಾಕಿ: ನಮ್ಮ ತಾತ ಹುಟ್ಟಿದ್ದು 1920ರ ಸುಮಾರಿಗೆ, ಅವರಪ್ಪ 1892ರ ಆಸುಪಾಸು ಅಂದುಕೊಂಡರೆ, ತಾತನ ತಾತ 1867ರ ಹೊತ್ತಿಗೆ. ಬರದ ಕಾಲಕ್ಕೆ ಹತ್ತು ವರ್ಷದ ಹುಡುಗ, ತಾಯಿಯ ಜೊತೆ ಮಣ್ಣು ಹೊರುವ ವಯಸ್ಸು. ಅಜ್ಜಿಯ ಮಾತು ಸರಿಹೋಯಿತು.

ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ ಅನ್ನುವುದು ನೆನಪಿರಲಿ. ವಿಜಯ ಅಂದರೆ 1893 ಇರಬಹುದು, 1953 ಇರಬಹುದು. ಯಾವುದು ಅಂತ ತಲೆಮಾರಿನ ಲೆಕ್ಕ ಹೇಳುತ್ತದೆ. ಒಂದು ತಲೆಮಾರಿಗೆ ಇಪ್ಪತ್ತೈದು ವರ್ಷ ಹಿಡಿಯಿರಿ, ಐದು ವರ್ಷ ಆಚೀಚೆ. ಗೂಟ ಹೊಡೆಯಲು ಇನ್ನೂ ಕೆಲವು ಇವೆ: 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು, ಆಮೇಲಿನ ವರ್ಷಗಳಲ್ಲಿ ಎಷ್ಟೋ ಊರಿನವರು ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. 1918ರಲ್ಲಿ ಇನ್‌ಫ್ಲುಯೆಂಜಾ. "ಪಿಳೇಗಿನ ವರ್ಷ ಹುಟ್ಟಿದ್ದು" ಅನ್ನುವ ಮಾತು ನಿಮ್ಮ ಮನೆಯಲ್ಲೂ ಇರಬಹುದು.

ಕಾಗದದಲ್ಲಿ ಶಕ ವರ್ಷ ಇದ್ದರೆ 78 ಕೂಡಿಸಿ. ಫಸಲಿ, ಅಂದರೆ ಕಂದಾಯದ ಲೆಕ್ಕದ ವರ್ಷ ಇದ್ದರೆ 590 ಕೂಡಿಸಿ, ಫಸಲಿ 1300 ಅಂದರೆ 1890-91.

ಒಂದು ನಿರಾಸೆಯ ಸುದ್ದಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಇಂಗ್ಲೆಂಡಿನಲ್ಲಿ 1841ರಿಂದಲೂ ಜನಗಣತಿಯ ಮನೆ ಮನೆಯ ಹಾಳೆ ಉಳಿದಿದೆ, ಅಲ್ಲಿನ ಕೂಲಿಯವರ ಮೊಮ್ಮಕ್ಕಳು ಕಂಪ್ಯೂಟರಿನ ಮುಂದೆ ಕೂತೇ ಹೆಸರು, ವಯಸ್ಸು, ಹುಟ್ಟಿದ ಊರು ತೆಗೆಯುತ್ತಾರೆ. ನಮ್ಮಲ್ಲಿ ಒಟ್ಟು ಲೆಕ್ಕದ ಕೋಷ್ಟಕ ಮಾತ್ರ ಉಳಿಯಿತು. 1881ರ ಗಣತಿಯಲ್ಲಿ ನಿಮ್ಮ ಮುತ್ತಜ್ಜ ಒಂದು ಅಂಕಿ, ಅಷ್ಟೇ.

ಹತ್ತಿರದ್ದರಿಂದ ಹಿಂದಕ್ಕೆ

1870ಕ್ಕೆ ನೇರ ಹಾರಬೇಡಿ. ಗೊತ್ತಿರುವ ಹೆಸರಿಂದ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಿ.

ಮೊದಲ ಮೆಟ್ಟಿಲು ಶಾಲೆ. ಮನೆಯಲ್ಲಿ ಮೊದಲು ಸ್ಕೂಲಿಗೆ ಹೋದವರು ಯಾರು? ಅವರ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಅಪ್ಪನ ಹೆಸರು, ಜಾತಿ, ಊರು, ಎಷ್ಟೋ ಸಲ ಅಪ್ಪನ ಕಸುಬೂ ಇರುತ್ತದೆ. ನಮ್ಮ ತಾತ ಎರಡನೇ ಕ್ಲಾಸಿಗೇ ಬಿಟ್ಟವರು, ಆದರೂ ಆ ಎರಡು ವರ್ಷದ ಪುಣ್ಯಕ್ಕೆ ಅವರಪ್ಪನ ಪೂರ್ತಿ ಹೆಸರು, ಪಕ್ಕದಲ್ಲಿ "ಕೂಲಿ" ಅನ್ನುವ ಎರಡಕ್ಷರ ಸಿಕ್ಕಿತು. ಹುಟ್ಟಿದ ತಾರೀಕನ್ನು ಮಾತ್ರ ನಂಬಬೇಡಿ. ಮೇಷ್ಟ್ರು ಅಂದಾಜಿಗೆ ಬರೆದದ್ದು, ಅರ್ಧ ಊರಿನ ಮಕ್ಕಳು ಒಂದೇ ತಾರೀಕಿಗೆ ಹುಟ್ಟಿರುತ್ತಾರೆ.

ಆಮೇಲೆ ಜನನ ಮರಣ ರಿಜಿಸ್ಟರ್. ಹಳ್ಳಿಯಲ್ಲಿ ಪಟೇಲ, ಶಾನುಭೋಗರು ಇಡುತ್ತಿದ್ದದ್ದು, ಉಳಿದಿದ್ದರೆ ತಾಲ್ಲೂಕು ಕಚೇರಿಯಲ್ಲಿರುತ್ತದೆ. ಮಗುವಿನ ಹೆಸರು ಹುಡುಕಬೇಡಿ, ಹೆಸರಿಡುವ ಮೊದಲೇ ಬರೆದಿರುತ್ತಾರೆ. ಅಪ್ಪನ ಹೆಸರು ನೋಡಿ.

ಮೂರನೆಯದನ್ನು ಬಹಳ ಜನ ಮರೆಯುತ್ತಾರೆ, ನನಗೆ ಅದೇ ಚಿನ್ನದ ಗಣಿ: 1960, 70ರ ದಶಕದ ಕಡತಗಳು. ಹತ್ತೊಂಬತ್ತನೇ ಶತಮಾನ ಹುಡುಕುವವರಿಗೆ 1970ರ ಫೈಲು ಯಾಕೆ ಅಂತ ಕೇಳಬಹುದು. ಯಾಕೆಂದರೆ ನಮ್ಮವರು ಮೊದಲ ಸಲ ಸರ್ಕಾರದ ಮುಂದೆ ನಿಂತು "ನಾವು ಇಂಥವರ ಮಕ್ಕಳು, ತಾತನ ಕಾಲದಿಂದ ಇಲ್ಲೇ ದುಡಿಯುತ್ತಿದ್ದೇವೆ" ಅಂತ ಹೇಳಿಕೆ ಕೊಟ್ಟದ್ದು ಆಗಲೇ.

ಗೇಣಿ ಮಾಡುತ್ತಿದ್ದ ಮನೆಯಾದರೆ 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಫಾರಂ 7, ಅಂದರೆ ಗೇಣಿ ಜಮೀನಿನ ಹಕ್ಕು ಕೇಳುವ ಅರ್ಜಿ ಹಾಕಿರುತ್ತಾರೆ. ಭೂ ನ್ಯಾಯಮಂಡಳಿಯ ಕಡತದಲ್ಲಿ ಅರ್ಜಿಯ ಜೊತೆ ಹೇಳಿಕೆಗಳು, ಸಾಕ್ಷಿಗಳು, ಎದುರುಪಕ್ಷದ ಹೇಳಿಕೆ ಕೂಡ ಇರುತ್ತವೆ. ಎದುರುಪಕ್ಷದ್ದನ್ನು ತಪ್ಪದೇ ಓದಿ. "ಇವನು ಗೇಣಿದಾರ ಅಲ್ಲ, ಇವನ ತಾತನೂ ನಮ್ಮ ಮನೆಯ ಆಳು" ಅಂತ ಜಮೀನುದಾರ ಕೋಪದಲ್ಲಿ ಹೇಳಿದ್ದು ಅಂದು ಕೇಸು ಸೋಲಿಸಲು, ಇಂದು ನಿಮಗೆ ಅದೇ ದಾಖಲೆ.

ತೋಟಿ, ತಳವಾರಿಕೆ, ನೀರುಗಂಟಿ ಕೆಲಸ ಇದ್ದ ಮನೆಯಾದರೆ ಇನ್ನೂ ಒಳ್ಳೆಯದು. ವರ್ಷವೆಲ್ಲ ಕೂಲಿ ಮಾಡುತ್ತಿದ್ದ ಎಷ್ಟೋ ಮನೆಗಳಿಗೆ ಊರಿನ ಚಾಕರಿಗೆಂದು ತುಂಡು ಇನಾಮು ಭೂಮಿ ಇತ್ತು. ಗ್ರಾಮ ಕಚೇರಿಗಳನ್ನು ರದ್ದು ಮಾಡಿದ 1961ರ ಕಾಯ್ದೆ 1963ರಲ್ಲಿ ಜಾರಿಗೆ ಬಂದ ಮೇಲೆ, ಆ ಭೂಮಿಯನ್ನು ಮರುಮಂಜೂರು ಮಾಡಿಸಿಕೊಳ್ಳಲು ವಾರಸುದಾರರು ಅರ್ಜಿ ಹಾಕಬೇಕಾಯಿತು. ಪಾಲಿಗೆ ಅಣ್ಣತಮ್ಮಂದಿರೆಲ್ಲ ಬಂದಾಗ ವಂಶವೃಕ್ಷ ಬರೆಯಲೇಬೇಕಲ್ಲ. ಕೆಲವು ಕಡತಗಳಲ್ಲಿ ಅದು ನೇರ ಹತ್ತೊಂಬತ್ತನೇ ಶತಮಾನಕ್ಕೆ ಹೋಗಿ ಮುಟ್ಟುತ್ತದೆ.

ಇದಲ್ಲದೆ 1976ರ ಜೀತಪದ್ಧತಿ ರದ್ದು ಕಾಯ್ದೆಯ ಹೊತ್ತಿನ ಬಿಡುಗಡೆ ಪಟ್ಟಿಗಳು, ದರಖಾಸ್ತಿನಲ್ಲಿ, ಅಂದರೆ ಅರ್ಜಿಯ ಮೇಲೆ ಸರ್ಕಾರಿ ಜಮೀನು ಕೊಟ್ಟ ಸಾಗುವಳಿ ಚೀಟಿಗಳು ಇವೆ. ಎಲ್ಲಕ್ಕೂ ನಕಲು ಅರ್ಜಿ ಹಾಕಬಹುದು, ಆಗದಿದ್ದರೆ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಬಹುದು. "ನಮ್ಮ ಕುಟುಂಬದ ಎಲ್ಲ ದಾಖಲೆ ಕೊಡಿ" ಅಂತ ಬರೆದರೆ ಅರ್ಜಿ ಕಸದ ಬುಟ್ಟಿಗೆ. ಊರು, ಹೋಬಳಿ, ಸರ್ವೆ ನಂಬರು, ಯಾವ ವರ್ಷದಿಂದ ಯಾವ ವರ್ಷ, ಯಾವ ಕಡತ ಅಂತ ಬರೆಯಿರಿ. ನನಗೆ ಒಂದು ಕಚೇರಿಯಲ್ಲಿ ಮೂರು ಸಲ "ಕಡತ ಲಭ್ಯವಿಲ್ಲ" ಅಂತ ಹಿಂಬರಹ ಬಂತು. ನಾಲ್ಕನೇ ಸಲ ಸರ್ವೆ ನಂಬರು ಹಿಡಿದುಕೊಂಡು ರೆಕಾರ್ಡ್ ರೂಮಿನ ಹಳೆ ನೌಕರರೊಬ್ಬರ ಜೊತೆ ಟೀ ಕುಡಿದೆ. ಅರ್ಧ ಗಂಟೆಯಲ್ಲಿ ಬಟ್ಟೆ ಗಂಟು ಇಳಿಯಿತು.

ಬೇರೆಯವರ ಕಾಗದ ಓದುವುದು

ಈಗ ಮುಖ್ಯ ಭಾಗಕ್ಕೆ ಬಂದೆವು. ನಿಮ್ಮ ಮುತ್ತಜ್ಜ ಯಾರ ಮನೆಯಲ್ಲಿ ದುಡಿದ, ಅವನ ಗುಡಿಸಲು ಎಲ್ಲಿತ್ತು, ಇವೆರಡು ಗೊತ್ತಾದರೆ ಸಾಕು.

ಉಪನೋಂದಣಿ ಕಚೇರಿಯಲ್ಲಿ ಹಳೆ ಪತ್ರಗಳ ಸೂಚಿ ಎರಡು ಥರ ಇರುತ್ತದೆ, ಒಂದು ವ್ಯಕ್ತಿಯ ಹೆಸರಿನ ಮೇಲೆ, ಇನ್ನೊಂದು ಆಸ್ತಿಯ ಮೇಲೆ. ಹೆಸರಿನ ಸೂಚಿಯಲ್ಲಿ ನಿಮ್ಮವರು ಸಿಗುವುದಿಲ್ಲ. ಆಸ್ತಿಯ ಸೂಚಿ ತೆಗೆಸಿ, ನಿಮ್ಮ ಊರಿನ ಪತ್ರಗಳನ್ನು ಒಂದೊಂದಾಗಿ ನೋಡಿ. ಪ್ರತಿ ಕ್ರಯಪತ್ರ, ಪ್ರತಿ ಭೋಗ್ಯಪತ್ರದ ಕೊನೆಯಲ್ಲಿ ಚೆಕ್ಕುಬಂದಿ ಇರುತ್ತದೆ: ಮೂಡಲು ಇಂಥವರ ಹಿತ್ತಲು, ತೆಂಕಲು ಓಣಿ, ಬಡಗಲು ಸರ್ಕಾರಿ ಹಳ್ಳ, ಪಡುವಲು ಇಂಥವನ ಗುಡಿಸಲು.

ನನಗೆ 1909ರ ಒಂದು ಕ್ರಯಪತ್ರದಲ್ಲಿ ಸಿಕ್ಕಿದ್ದು ಆ ಕೊನೆಯ ತುಂಡು. ಪಡುವಲು ನಮ್ಮ ತಾತನ ತಾತನ ಹೆಸರು, "ಬಿನ್" ಅಂತ ಬರೆದು ಅವರಪ್ಪನ ಹೆಸರು, ಆಮೇಲೆ "ಗುಡಿಸಲು". ಬರದಲ್ಲಿ ಸತ್ತ ಆ ಅಪ್ಪನ ಹೆಸರು ನಮ್ಮ ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ಯಾರೋ ಯಾರಿಗೋ ಹಿತ್ತಲು ಮಾರಿದ ಕಾಗದದ ಮೂಲೆಯಲ್ಲಿ ಅವನು ಕೂತಿದ್ದ. ಆ ಹಾಳೆಯನ್ನು ನಾನು ಎಷ್ಟು ಸಲ ಓದಿದೆನೋ, ಗುಮಾಸ್ತರು "ಆಯ್ತಾ ಸಾರ್" ಅಂತ ಎರಡು ಸಲ ಕೇಳಿದರು.

ಸಾಕ್ಷಿ ಹಾಕಿದವರ ಹೆಸರನ್ನೂ ಬಿಡಬೇಡಿ. ಯಜಮಾನನ ಪತ್ರಕ್ಕೆ ಆಳುಮಗನೇ ಹೆಬ್ಬೆಟ್ಟು ಒತ್ತಿರುವುದು ಉಂಟು. ಹಳೆ ಕಾಗದದಲ್ಲಿ ಬರುವ ಕೆಲವು ಪದ ಗೊತ್ತಿದ್ದರೆ ಓದುವುದು ಸಲೀಸು. ಬಿನ್ ಅಂದರೆ ಇಂಥವರ ಮಗ, ಕೋಂ ಅಂದರೆ ಇಂಥವರ ಹೆಂಡತಿ, ಉರುಫ್ ಅಂದರೆ ಇನ್ನೊಂದು ಹೆಸರು, ಬಿಕ್ಕಲಂ ಅಂದರೆ ಪತ್ರ ಬರೆದ ಕೈ ಯಾರದು ಅಂತ. ಹೆಂಗಸರು ಸಿಗುವುದು ಕೋಂ ಹತ್ತಿರ, ಹಾಗಾಗಿ ಅದನ್ನು ಕಂಡರೆ ನಿಂತು ಓದಿ.

ಇನ್ನು ಯಜಮಾನರ ಮನೆ. ಗೌಡರ ಮನೆ, ಜೋಡಿದಾರರ (ಕಡಿಮೆ ಕಂದಾಯಕ್ಕೆ ಇನಾಮು ಊರು ಪಡೆದವರ) ಮನೆ, ಮಠ, ದೇವಸ್ಥಾನ, ಶಾನುಭೋಗರ ಮನೆ, ಎಲ್ಲ ಕಡೆ ಲೆಕ್ಕ ಬರೆಯುತ್ತಿದ್ದರು. ಹಳೆಯದಾದರೆ ಕಡತದಲ್ಲಿ, ಅಂದರೆ ಕಪ್ಪು ಬಳಿದ ಬಟ್ಟೆಯ ಮಡಿಕೆಯ ಮೇಲೆ ಬಳಪದಲ್ಲಿ. ಆಮೇಲಿನದು ಕಾಗದದ ಪುಸ್ತಕ. ಅಟ್ಟದ ಮೇಲೆ ಗೆದ್ದಲು ತಿನ್ನುತ್ತಾ ಬಿದ್ದಿರುತ್ತವೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಆಳಿನ ಮೊಮ್ಮಗ ಬಂದು ಹಳೆ ಲೆಕ್ಕ ತೋರಿಸಿ ಅಂದರೆ, ಜಮೀನಿಗೆ ಕೇಸು ಹಾಕಲು ಬಂದ ಅಂತಲೇ ಮೊದಲು ಅನ್ನಿಸುವುದು. ನಾನು ಹೋದಾಗಲೂ ಹಾಗೇ ಆಯಿತು, ಆ ಮನೆಯ ಯಜಮಾನರು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದರು. ಊರಿನಲ್ಲಿ ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ಕರೆದುಕೊಂಡು ಹೋಗಿ. ಪುಸ್ತಕ ಮನೆಯಿಂದ ಹೊರಗೆ ಒಯ್ಯುವುದಿಲ್ಲ, ನಿಮ್ಮ ಜಗಲಿಯಲ್ಲೇ ಕೂತು ಫೋಟೋ ತೆಗೆದುಕೊಳ್ಳುತ್ತೇನೆ ಅಂತ ಮೊದಲೇ ಹೇಳಿ. "ಗೌಡ್ರೇ, ಜಮೀನಿನ ವಿಷಯ ಅಲ್ಲ, ನಮ್ಮ ಹಿರೀಕರ ಹೆಸರು ಹುಡುಕ್ತಿದ್ದೀನಿ" ಅಂತ ನಾನು ಮೂರು ಸಲ ಹೇಳಿದೆ. ಮೂರನೇ ಸಲಕ್ಕೆ ಒಳಗೆ ಕರೆದರು. ಅವರಮ್ಮ ಕಾಫಿ ಕೊಟ್ಟರು, ಸ್ಟೀಲ್ ಲೋಟದಲ್ಲಿ, ಎಲ್ಲರಿಗೂ ಒಂದೇ ಥರದ ಲೋಟದಲ್ಲಿ. ನಾನು ಅದನ್ನೂ ಗಮನಿಸಿದೆ.

ಲೆಕ್ಕದಲ್ಲಿ ಹುಡುಕಬೇಕಾದ್ದು ಆಳುಗಳ ಬಾಬ್ತು. ಅಳತೆ ಕೊಳಗ, ಖಂಡುಗದಲ್ಲಿರುತ್ತದೆ, ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಹಳೆಯ ಲೆಕ್ಕವಾದರೆ ದುಡ್ಡು ಹಣ, ವರಹದಲ್ಲಿರಬಹುದು, ಹತ್ತು ಹಣಕ್ಕೆ ಒಂದು ವರಹ. ಮದುವೆಗೆ ತೆಗೆದ ಸಾಲ ಎಷ್ಟು, ಅದು ಯಾರ ಹೆಸರಿಂದ ಯಾರ ಹೆಸರಿಗೆ ದಾಟಿತು ಅಂತ ನೋಡಿ. ಅಪ್ಪನ ಸಾಲ ಮಗನ ಹೆಸರಿಗೆ ಬಂದ ವರ್ಷ ಸಿಕ್ಕರೆ, ಅಪ್ಪ ಸತ್ತದ್ದೋ ಕೈಲಾಗದೆ ಕೂತದ್ದೋ ಆ ಹೊತ್ತಿಗೇ. ಮರಣದ ರಿಜಿಸ್ಟರ್ ಇಲ್ಲದ ಕಡೆ ಸಾಲದ ಪುಸ್ತಕವೇ ಮರಣದ ರಿಜಿಸ್ಟರ್.

ಕಾಗದ ಯಾವ ಊರಿನಲ್ಲಿದೆ

ಹತ್ತೊಂಬತ್ತನೇ ಶತಮಾನದಲ್ಲಿ ಕರ್ನಾಟಕ ಅಂತ ಒಂದು ರಾಜ್ಯ ಇರಲಿಲ್ಲ, ಅದಕ್ಕೇ ಕಾಗದ ನಾಲ್ಕು ದಿಕ್ಕಿಗೆ ಹರಡಿದೆ. ಹಳೆ ಮೈಸೂರಿನದು ಬಹಳಷ್ಟು ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿದೆ. ಧಾರವಾಡ, ಬೆಳಗಾವಿ, ವಿಜಯಪುರ ಮುಂಬೈ ಸರ್ಕಾರದ ಕೆಳಗಿದ್ದವು, 1862ರಿಂದ ಉತ್ತರ ಕನ್ನಡವೂ ಅಲ್ಲಿಗೆ ಹೋಯಿತು, ಅವುಗಳ ಮೇಲ್ಮಟ್ಟದ ಕಡತ ಮುಂಬೈಯ ಪತ್ರಾಗಾರದಲ್ಲಿ. ಬಳ್ಳಾರಿ, ದಕ್ಷಿಣ ಕನ್ನಡ ಮದ್ರಾಸಿನ ಕೆಳಗೆ, ಅಂದರೆ ಚೆನ್ನೈನ ಎಗ್ಮೋರ್. ರಾಯಚೂರು, ಕಲಬುರಗಿ, ಬೀದರ್ ನಿಜಾಮರದ್ದು, ಅದು ಹೈದರಾಬಾದಿನಲ್ಲಿ, ಭಾಷೆ ಪಾರಸಿ ಅಥವಾ ಉರ್ದು. ಆದರೆ ನಿಜ ಹೇಳಬೇಕೆಂದರೆ ಕೂಲಿಯವರ ಹೆಸರು ಹುಡುಕಲು ರಾಜಧಾನಿಯ ಪತ್ರಾಗಾರ ಕೊನೆಗೆ. ಅಲ್ಲಿ ಸಿಗುವುದು ಬರ, ಕಂದಾಯ, ರೈಲಿನ ಕಾಮಗಾರಿಯ ದೊಡ್ಡ ಚಿತ್ರ. ಹೆಸರು ಸಿಗುವುದು ತಾಲ್ಲೂಕಿನಲ್ಲಿ.

ಮೈಸೂರಿನಲ್ಲಿ ಸರ್ವೆ ಶುರುವಾದದ್ದು 1863ರಲ್ಲಿ. ಸರ್ವೆ ನಕ್ಷೆ ತೆಗೆಸಿ, ನಿಮ್ಮ ಮನೆದೇವರ ಊರಿನ ಹೆಸರು ಇಂದಿನ ಪಟ್ಟಿಯಲ್ಲಿ ಇಲ್ಲದಿದ್ದರೆ ಬೇಚರಾಕ್ ಗ್ರಾಮಗಳ ಪಟ್ಟಿಯಲ್ಲಿ ನೋಡಿ. ಜನ ಇಲ್ಲದೆ ಹಾಳುಬಿದ್ದ ಊರಿಗೂ ಕಂದಾಯದ ಲೆಕ್ಕದಲ್ಲಿ ಹೆಸರು ಉಳಿದಿರುತ್ತದೆ.

ಉತ್ತರ ಕರ್ನಾಟಕದವರಿಗೆ ಇನ್ನೊಂದು ಭಾಗ್ಯ ಇದೆ, ಹೆಳವರು. ಎತ್ತಿನ ಮೇಲೆ ಬಂದು ಮನೆ ಮುಂದೆ ನಿಂತು ನಿಮ್ಮ ವಂಶಾವಳಿ ಹೇಳುವವರು, ಅದನ್ನು ಬರೆದೂ ಇಟ್ಟುಕೊಂಡವರು. ಹೆಚ್ಚಾಗಿ ಒಕ್ಕಲು ಮನೆಗಳಿಗೆ ಬರುತ್ತಿದ್ದರು, ಯಾಕೆಂದರೆ ಕಾಳು ಕೊಡುವ ಕೈ ಅದೇ. ಆದರೂ ನಿಮ್ಮ ಮನೆಗೆ ಬರುತ್ತಿದ್ದರೇ ಅಂತ ಹಿರಿಯರನ್ನು ಕೇಳಿ. ಬರದಿದ್ದರೆ ಯಜಮಾನರ ಮನೆಯ ಹೆಳವರನ್ನು ಕೇಳಿ, ಆ ಮನೆ ಯಾವ ಊರಿಂದ ಯಾವ ಊರಿಗೆ ಬಂತು ಅಂತ ಗೊತ್ತಾದರೆ ಅವರ ಆಳುಗಳ ದಾರಿಯೂ ಗೊತ್ತಾಗಬಹುದು. ಅಲ್ಲಿನ ಹಳೆ ಕಾಗದಗಳಲ್ಲಿ ಮೋಡಿ, ಅಂದರೆ ಮರಾಠಿಯ ಹಳೆ ಕೂಡುಬರಹ ಜಾಸ್ತಿ, ಓದುವವರನ್ನು ಜೊತೆಗಿಟ್ಟುಕೊಳ್ಳಿ. ವತನದ, ಅಂದರೆ ವಂಶಪಾರಂಪರ್ಯವಾಗಿ ಬಂದ ಊರಿನ ಚಾಕರಿಯ ಕೆಲಸ ಇದ್ದ ಮನೆಯಾದರೆ 1874ರ ವತನ ಕಾಯ್ದೆಯ ನಂತರದ ದಾಖಲೆ ನೋಡಿ. ಆಮೇಲಿನದಕ್ಕೆ ಉತಾರ (ಆ ಕಡೆಯ ಪಹಣಿ), ವಾರಸಾ ನೋಂದು (ವಾರಸುದಾರರ ದಾಖಲೆ).

ಕರಾವಳಿಯಲ್ಲಿ ಎರಡು ವಿಷಯ ಬೇರೆ. ಒಂದು, ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಮನೆಗಳಲ್ಲಿ ಅಪ್ಪನ ಹೆಸರು ಹಿಡಿದು ಹೊರಟರೆ ಎಲ್ಲೂ ತಲುಪುವುದಿಲ್ಲ. ತಾಯಿ, ಅಜ್ಜಿ, ಸೋದರಮಾವ, ಬಳಿ (ತಾಯಿ ಕಡೆಯ ಕುಲ), ಈ ದಾರಿ ಹಿಡಿಯಬೇಕು. ಎರಡು, ಮೂಲದಾಳುಗಳು. ಭೂಮಿಯ ಜೊತೆಗೇ ಕೈ ಬದಲಾಗುತ್ತಿದ್ದ ಜನ ಇವರು. 1843ರ ಐದನೇ ಕಾಯ್ದೆ ಗುಲಾಮಗಿರಿಗೆ ಕೋರ್ಟಿನ ಬೆಂಬಲ ತೆಗೆಯಿತು, ಊರಿನಲ್ಲಿ ಪದ್ಧತಿ ಅಷ್ಟು ಬೇಗ ಹೋಗಲಿಲ್ಲ. ಅದಕ್ಕೆ ಮುಂಚಿನ ಅಡವು, ಮಾರಾಟದ ಪತ್ರಗಳಲ್ಲಿ ಆಳುಗಳನ್ನೂ ದನಗಳ ಹಾಗೆ ಎಣಿಸಿ ಬರೆದಿರುತ್ತಾರೆ. ಓದುವಾಗ ಹೊಟ್ಟೆ ತೊಳಸುತ್ತದೆ, ಮೊದಲೇ ಗೊತ್ತಿರಲಿ.

ಮನೆಯವರು ಕ್ರೈಸ್ತರಾಗಿದ್ದರೆ ಕೆಲಸ ಬಹಳ ಸುಲಭ. ಚರ್ಚಿನ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳಲ್ಲಿ ಕೂಲಿಯವನಿಗೂ ಧಣಿಗೂ ಒಂದೇ ಅಳತೆಯ ಸಾಲು. ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂತು. ಕೊಡಗಿನ ಆನಂದಪುರ 1850ರ ದಶಕದಲ್ಲಿ ಪಾದ್ರಿ ಹರ್ಮನ್ ಮೋಗ್ಲಿಂಗ್ ಕಟ್ಟಿದ ಊರು, ಅಲ್ಲಿ ನೆಲೆಸಿದವರು ಭೂಮಿಯಿಲ್ಲದ ದುಡಿಯುವ ಜನ. ಮಿಶನ್ನಿನ ಪತ್ರ, ವರದಿಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ, ಹಳೆ ಫೋಟೋಗಳು ಆನ್‌ಲೈನಿನಲ್ಲೇ ನೋಡಲು ಸಿಗುತ್ತವೆ.

ಊರು ಬಿಟ್ಟು ಹೋದವರು

"ಅವರಣ್ಣ ಘಟ್ಟ ಹತ್ತಿ ಹೋದವನು ಬರಲೇ ಇಲ್ಲ" ಅನ್ನುವ ಮಾತು ಬಯಲುಸೀಮೆಯ ಎಷ್ಟೋ ಮನೆಗಳಲ್ಲಿದೆ. ಘಟ್ಟ ಅಂದರೆ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟ. ಮೇಸ್ತ್ರಿ ಮುಂಗಡ ಕೊಟ್ಟು ಕರೆದುಕೊಂಡು ಹೋಗುತ್ತಿದ್ದ. ಮುಂಗಡ ತೆಗೆದುಕೊಂಡು ಓಡಿಹೋದವರ ಮೇಲೆ 1859ರ ಹದಿಮೂರನೇ ಕಾಯ್ದೆಯಲ್ಲಿ ಮ್ಯಾಜಿಸ್ಟ್ರೇಟರ ಹತ್ತಿರ ಕೇಸು ಹಾಕುತ್ತಿದ್ದರು. ಹೀಗೆ ಕೂಲಿಯವನ ಹೆಸರು, ಅಪ್ಪನ ಹೆಸರು, ಊರು ಸರ್ಕಾರದ ಕಾಗದಕ್ಕೆ ಬರಲು ಅವನು ಓಡಿಹೋಗಬೇಕಾಯಿತು.

ಇನ್ನೂ ದೂರ ಹೋದವರು ಹಡಗು ಹತ್ತಿದರು. ಮದ್ರಾಸು ಬಂದರಿನಿಂದ ಮಾರಿಷಸ್, ದಕ್ಷಿಣ ಆಫ್ರಿಕಾದ ನಟಾಲ್. ನಟಾಲಿಗೆ ಮೊದಲ ಹಡಗು ಟ್ರುರೋ ಮುಟ್ಟಿದ್ದು 1860ರ ನವೆಂಬರ್ 16ಕ್ಕೆ. 1911ರವರೆಗೆ ಒಟ್ಟು ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ ಹೋದರು, ಹೆಚ್ಚಿನವರು ತಮಿಳರು, ತೆಲುಗರು, ಆದರೆ ಮೈಸೂರು ಸೀಮೆಯವರೂ ಇದ್ದಾರೆ. ಆ ಹಡಗಿನ ಪಟ್ಟಿಗಳಲ್ಲಿ ಒಬ್ಬೊಬ್ಬರದೂ ಹೆಸರು, ಅಪ್ಪನ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಊರು ಇದೆ. ಊರಿನಲ್ಲೇ ಉಳಿದ ತಮ್ಮನ ಬಗ್ಗೆ ಒಂದು ಅಕ್ಷರ ಇಲ್ಲ, ಕಬ್ಬು ಕಡಿಯಲು ಹೋದ ಅಣ್ಣನ ಬಗ್ಗೆ ಇಷ್ಟು ಇದೆ. ಅಣ್ಣನ ಸಾಲಿನಲ್ಲಿರುವ ಅಪ್ಪನ ಹೆಸರು ತಮ್ಮನ ಅಪ್ಪನದೂ ಹೌದು ಅಲ್ವಾ, ಅದಕ್ಕೇ ಇದನ್ನು ನೋಡಿ ಅಂದೆ. ಹುಡುಕುವಾಗ ಇಂಗ್ಲಿಷ್ ಗುಮಾಸ್ತನ ಕಿವಿಯಿಂದ ಯೋಚಿಸಿ. ಮುನಿಯ ಎಂಬ ಹೆಸರನ್ನು ಆರು ಥರ ಬರೆದಿರುತ್ತಾನೆ, ಊರಿನ ಹೆಸರನ್ನಂತೂ ಕೇಳಲೇಬೇಡಿ.

ನಾನು ಹಾಳು ಮಾಡಿಕೊಂಡ ಆರು ತಿಂಗಳು

ಹೆಸರು ಹೊಂದಿತು ಅಂದ ತಕ್ಷಣ ಕುಣಿಯಬೇಡಿ. ನಮ್ಮವನದೇ ಹೆಸರು, ಅಪ್ಪನ ಹೆಸರೂ ಅದೇ, ಪಕ್ಕದ ಊರು, ವಯಸ್ಸೂ ಸರಿಹೋಗುತ್ತಿತ್ತು, ಅಂಥ ಒಬ್ಬನನ್ನು ಹಿಡಿದುಕೊಂಡು ನಾನು ಆರು ತಿಂಗಳು ಅಲೆದೆ. ಅವನ ಮೊಮ್ಮಕ್ಕಳನ್ನು ಹುಡುಕಿ "ನಾವು ನೀವು ಒಂದೇ" ಅಂತ ಹೇಳಿ ಊಟ ಕೂಡ ಮಾಡಿ ಬಂದೆ. ಆಮೇಲೆ ಮಾತಿಗೆ ಮಾತು ಬಂದು ಮನೆದೇವರು ಕೇಳಿದರೆ ಅವರದು ಬೇರೆ, ಕುಲವೂ ಬೇರೆ. ಮೊದಲೇ ಕೇಳಿದ್ದರೆ ಒಂದು ಫೋನಿನಲ್ಲಿ ಮುಗಿಯುತ್ತಿತ್ತು. ಹೆಸರು, ಅಪ್ಪನ ಹೆಸರು, ಊರು, ಮನೆದೇವರು, ಯಜಮಾನರ ಮನೆ, ಈ ಐದರಲ್ಲಿ ನಾಲ್ಕಾದರೂ ಹೊಂದಲಿ. ಅಲ್ಲಿಯವರೆಗೆ ಪೆನ್ಸಿಲಿನಲ್ಲೇ ಬರೆಯಿರಿ. (ಊಟ ಹಾಕಿದವರ ಜೊತೆ ಈಗಲೂ ಮಾತುಕತೆ ಇದೆ, ಅದು ಬೇರೆ ವಿಷಯ.)

ಹಳೆ ಕಾಗದಗಳಲ್ಲಿ ಜಾತಿಯ ಬಗ್ಗೆ ಬಳಸಿರುವ ಪದಗಳು ಇಂದು ಬಾಯಲ್ಲಿ ಹೇಳುವಂಥವಲ್ಲ. ನಕಲು ಮಾಡಿಕೊಳ್ಳುವಾಗ ಇದ್ದದ್ದನ್ನು ಇದ್ದ ಹಾಗೆಯೇ ಬರೆದುಕೊಳ್ಳಿ, ಯಾಕೆಂದರೆ ಮುಂದಿನ ದಾಖಲೆ ಹುಡುಕಲು ಆ ಪದವೇ ಬೇಕಾಗುತ್ತದೆ. ಮನೆಯವರ ಮುಂದೆ ಓದುವಾಗ ಏನು ಓದಬೇಕು ಅಂತ ನೀವೇ ನೋಡಿಕೊಳ್ಳಿ. ಪ್ರತಿ ಫೋಟೋದ ಜೊತೆ ಯಾವ ಕಚೇರಿ, ಯಾವ ಪುಸ್ತಕ, ಎಷ್ಟನೇ ಪುಟ, ಯಾವತ್ತು ನೋಡಿದ್ದು ಅಂತ ಬರೆದಿಡಿ. ನನ್ನ ಫೋನಿನಲ್ಲಿ ಎಲ್ಲಿಯದು ಅಂತ ನನಗೇ ಗೊತ್ತಿಲ್ಲದ ನಲವತ್ತು ಫೋಟೋ ಇವೆ.

ಸಿಕ್ಕಿದ್ದನ್ನೆಲ್ಲ ಮತ್ತೆ ಅಜ್ಜಿಯ ಹತ್ತಿರ ತೆಗೆದುಕೊಂಡು ಹೋಗಿ ಓದಿ ಹೇಳಿ. ಕಾಗದ ಕೇಳಿದ ಮೇಲೆ ಹೊಸದೇನಾದರೂ ನೆನಪಾಗುತ್ತದೆ. ಗೌಡರ ಮನೆಯ ಪುಸ್ತಕದಲ್ಲಿ ನನಗೆ ಸಿಕ್ಕಿದ್ದು ಹೇವಿಳಂಬಿ ಸಂವತ್ಸರದ ಒಂದು ಸಾಲು, ಅಂದರೆ 1897-98. ನಮ್ಮವನ ಹೆಸರಿನ ಮುಂದೆ: ತಿಂಗಳಿಗೆ ರಾಗಿ 4 ಕೊಳಗ, ವರ್ಷಕ್ಕೆ ಕಂಬಳಿ 1, ಜೋಡು 1 ಜೊತೆ, ಹಳೆ ಸಾಲ 12 ರೂಪಾಯಿ. ಅಜ್ಜಿಯ ಪಕ್ಕ ಕೂತು ಜೋರಾಗಿ ಓದಿದೆ, ಕಿವಿ ಸ್ವಲ್ಪ ಮಂದ. ಪೂರ್ತಿ ಕೇಳಿಸಿಕೊಂಡು, ಎಲೆ ಅಡಿಕೆ ಮಡಚುತ್ತಾ ಕೇಳಿದರು: "ಗಂಡ ಹೆಂಡ್ತಿ ಇಬ್ರಿಗೂ ಒಂದೇ ಕಂಬ್ಳಿನಾ?"